ಹತ್ತು ಉಗುರು

ಕುರ್ಚಿಯಲ್ಲಿ ಕೂತ ಗಿರಾಕಿ ಗೊರಕೆ ಹೊಡೆಯುತ್ತಿದ್ದ. ಆ ಸಲೂನಿನಲ್ಲಿ ಇದು ದಿನಾ ನಡೆಯುವ ಸಂಗತಿ. ಕೂದಲು ಕತ್ತರಿಸುವವನ ಕೈ ತಲೆಯ ಮೇಲಿದೆಯೋ ಇಲ್ಲವೋ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಗಿರಾಕಿಗಳು ಅವನಿಗೆ ಮೆಲ್ಲಣ್ಣ ಎಂದು ಹೆಸರಿಟ್ಟಿದ್ದರು. ವಯಸ್ಸು ಇಪ್ಪತ್ತೆರಡು. ಕುರ್ಚಿ ಕಂಡರೇ ಕಿರುಚುವ ಮಕ್ಕಳೂ ಅವನ ಕೈಗೆ ಸಿಕ್ಕರೆ ತೆಪ್ಪಗಾಗುತ್ತಿದ್ದವು. ಊರವರ ಮಕ್ಕಳಿಗೆಲ್ಲ ಬೇಕಾದ ಆ ಕೈ ತನ್ನ ಸ್ವಂತ ಮಗಳನ್ನು ಮುಟ್ಟಿ ಎರಡು ತಿಂಗಳಾಗಿತ್ತು.

ಆದದ್ದು ಇಷ್ಟೇ. ಮಗು ಮೂರು ವಾರದ್ದಿದ್ದಾಗ ತನ್ನ ಉಗುರಿನಿಂದ ತನ್ನ ಕೆನ್ನೆಯನ್ನೇ ಗೀರಿಕೊಂಡಿತು. ನಾನಿರುವಾಗ ಯಾಕೆ ಚಿಂತೆ ಎಂದು ಮೆಲ್ಲಣ್ಣ ಜಂಬದಿಂದ ಮೀಸೆ ತಿದ್ದುವ ಕತ್ತರಿ ತಂದ. ಅವನ ಬಳಿ ಇದ್ದುದರಲ್ಲಿ ಅದೇ ಚೂಪು. ಎಚ್ಚರವಾಗಿದ್ದ ಮಗು ಕೈ ಕೊಸರಿತು. ಬೆರಳ ತುದಿಯಲ್ಲಿ ಸಾಸಿವೆಕಾಳಿನಷ್ಟು ರಕ್ತ. ಮಗು ಅತ್ತದ್ದಕ್ಕಿಂತ ಜೋರಾಗಿ ಅತ್ತೆ ಕೂಗಿಕೊಂಡರು. ಮಗಳ ಹೆರಿಗೆಗೆಂದು ಬಂದು ಮನೆಯನ್ನೆಲ್ಲ ಒಬ್ಬರೇ ಹೊತ್ತಿದ್ದ ಹೆಂಗಸು ಅವರು.

"ಬಿಡಿ ಅಳಿಯಂದ್ರೇ, ಗಂಡಸ್ರಿಗೆ ಯಾಕೆ ಇಲ್ಲದ ಉಸಾಬರಿ?"

ಅವನು ಬಿಟ್ಟೇಬಿಟ್ಟ. ಮನೆಗೆ ಹೋದರೆ ಮಗುವಿನಿಂದ ದೂರ, ಬಾಗಿಲ ಬಳಿ ಕೂರುವುದು. ಹೆಂಡತಿ ಮಗುವನ್ನು ಚಾಚಿದರೆ, ಕೈ ತೊಳೆದು ಬರುತ್ತೇನೆಂದು ಎದ್ದು ಹೋಗುವುದು. ದಿನಕ್ಕೆ ಆರು ಸಲ ಕೈ ತೊಳೆಯುವ ಗಂಡನನ್ನು ಕಂಡು ಅವಳಿಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಗೊರಕೆಯ ಗಿರಾಕಿ ಎದ್ದು ಹೋದ ಮೇಲೆ ಆ ಗುರುವಾರ ಹೊಸಬರೊಬ್ಬರು ಬಂದು ಕೂತರು. ಬೋಳುತಲೆ, ಕಿವಿಯ ಸುತ್ತ ಒಂದಿಷ್ಟು ಕೂದಲು.

"ಸ್ವಲ್ಪ ಟ್ರಿಮ್ ಮಾಡಪ್ಪ."

"ಎಲ್ಲಿ ಸಾರ್?"

"ಎಲ್ಲಿದೆಯೋ ಅಲ್ಲಿ."

ಕತ್ತರಿ ಓಡತೊಡಗಿದ ಮೇಲೆ ಅವರು ತಮ್ಮ ವಿಷಯ ಹೇಳಿದರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಈಗ ನಿವೃತ್ತರು. ಆರೋಗ್ಯ ಕೇಂದ್ರದ ಪರವಾಗಿ, ಹೊಸದಾಗಿ ಅಪ್ಪ ಆದವರನ್ನು ಒಬ್ಬೊಬ್ಬರನ್ನಾಗಿ ಕಂಡು ಮಾತಾಡಿಸುವುದು ಅವರ ಕೆಲಸ. ಕೇಂದ್ರದಿಂದ ಎರಡು ಸಲ ಕರೆ ಹೋದರೂ ಮೆಲ್ಲಣ್ಣ ಅತ್ತ ತಲೆ ಹಾಕಿರಲಿಲ್ಲ. ಅದಕ್ಕೆ ಅವರೇ ತಲೆ ತಂದಿದ್ದರು.

ಕತ್ತರಿ ನಿಂತಿತು. "ನನ್ನ ಹೆಂಡ್ತಿ ದೂರು ಹೇಳಿದ್ಳಾ?"

"ದೂರಲ್ಲ. ನಮ್ಮನೆಯವರು ಹೆದರಿಕೊಂಡಿದಾರೆ ಅಂತ ನರ್ಸಮ್ಮನ ಹತ್ರ ಅತ್ತರಂತೆ."

ಮೆಲ್ಲಣ್ಣನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಎದುರಿಗೇ ಕನ್ನಡಿ ಬೇರೆ. ಮೆಲ್ಲಗೆ ಎಲ್ಲವನ್ನೂ ಹೇಳಿದ. ಹೆಂಡತಿಗೆ ಹೊಲಿಗೆ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಇನ್ನೊಂದು ತಿಂಗಳಿಗೆ ರಜೆ ಮುಗಿಯುತ್ತದೆ. ಅವನ ಕೆಲಸ ಮಧ್ಯಾಹ್ನದ ಮೇಲೆ. ಬೆಳಗ್ಗೆ ಅವನು ಮಗುವನ್ನು ನೋಡಿಕೊಂಡರೆ ಎಲ್ಲ ಸಲೀಸು. ಇಲ್ಲವಾದರೆ ಅತ್ತೆ ತಮ್ಮ ಮಗಳು, ಮೊಮ್ಮಗಳು ಇಬ್ಬರನ್ನೂ ತಮ್ಮೂರಿಗೆ ಕರೆದೊಯ್ಯುತ್ತಾರೆ. ಮಗು ನಡೆಯುವಂತಾದ ಮೇಲೆ ಬಂದರಾಯಿತು ಎಂಬುದು ಅವರ ಮಾತು.

"ಅಷ್ಟೊತ್ತಿಗೆ ಅವಳಿಗೆ ನನ್ನ ಗುರುತೇ ಇರಲ್ಲ ಸಾರ್," ಎಂದ.

ಕಂಡಕ್ಟರು, "ನನ್ನ ರೂಟಿನಲ್ಲಿ ದಿನಾ ಹತ್ತೋರು ಯಾರ್ಯಾರು ಎಲ್ಲೆಲ್ಲಿ ಇಳೀತಾರೆ ಅನ್ನೋದು ನನಗೆ ಬಾಯಿಪಾಠ. ಮಗಳು ಎಷ್ಟನೇ ಕ್ಲಾಸು ಅಂತ ಯಾರಾದ್ರೂ ಕೇಳಿದ್ರೆ ಹೆಂಡ್ತಿ ಮುಖ ನೋಡ್ತಿದ್ದೆ. ಈಗ ಅವಳು ಫೋನ್ ಮಾಡಿ 'ಅಮ್ಮನಿಗೆ ಕೊಡಿ' ಅಂತಾಳೆ. ತಪ್ಪು ಅವಳದಲ್ಲ," ಎಂದರು.

ಅಂದಿನಿಂದ ಪ್ರತಿ ಗುರುವಾರ ಅವರು ಆ ಕುರ್ಚಿಯಲ್ಲಿ ಹಾಜರು. ಮೊದಲ ವಾರ ಕೊಟ್ಟ ಕೆಲಸ, ಮಗು ಮಲಗಿರುವಾಗ ಪಕ್ಕದಲ್ಲಿ ಕೂರುವುದು, ಅಷ್ಟೇ. ಎರಡನೇ ವಾರ ಟವೆಲನ್ನು ಸುತ್ತಿ ಮಗು ಮಾಡಿ, ಎತ್ತುವುದು, ಸ್ನಾನಕ್ಕೆ ಹಿಡಿಯುವುದು ಹೇಗೆಂದು ತೋರಿಸಿದರು. ಸರದಿಗೆ ಕಾಯುತ್ತಿದ್ದ ತರಕಾರಿ ಅಂಗಡಿಯವನು, "ಏನ್ ಮೆಲ್ಲಣ್ಣ, ಟವೆಲ್ ಯಾರ ಹಾಗಿದೆ? ನಿನ್ನ ಹಾಗೋ ಅವರಮ್ಮನ ಹಾಗೋ?" ಎಂದು ಕಿಚಾಯಿಸಿದ. ಮೆಲ್ಲಣ್ಣ ಕೆಂಪಾದ, ಆದರೆ ಟವೆಲನ್ನು ಕೆಳಗಿಡಲಿಲ್ಲ.

ಅದೇ ಸಂಜೆ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತ ಕಂಡಕ್ಟರು ಕಣ್ಣು ಮುಚ್ಚಿಯೇ ಕೇಳಿದರು, "ನನ್ನ ತಲೆ ಎಲ್ಲಿದೆ ಈಗ?"

"ನನ್ನ ಅಂಗೈ ಮೇಲೆ, ಸಾರ್."

"ಪೂರಾ ಭಾರ ಬಿಟ್ಟಿದೀನಿ. ನನಗೆ ಭಯ ಇಲ್ಲ. ನಿನಗ್ಯಾಕೆ?"

ಅಂದು ಮನೆಗೆ ಹೋದವನು ಕೈ ತೊಳೆದದ್ದು ಒಂದೇ ಸಲ. ಮಗುವನ್ನು ಎತ್ತಿಕೊಂಡ. ಮಗು ಅವನ ಅಂಗಿಗೆ ಹಾಲು ಕಕ್ಕಿ ಹಾಯಾಗಿ ಕಣ್ಣುಮುಚ್ಚಿತು. ಅಡುಗೆಮನೆಯಿಂದ ನೋಡಿದ ಅತ್ತೆ ಮಗಳಿಗೆ ಹೇಳಿದ್ದು ಅವನಿಗೂ ಕೇಳಿಸಿತು: "ಇದೆಲ್ಲ ಎರಡು ದಿನದ ಉತ್ಸಾಹ ಕಣೇ. ನಿಮ್ಮಪ್ಪ ನಾಲ್ಕು ಮಕ್ಕಳಲ್ಲಿ ಒಂದನ್ನಾದ್ರೂ ಎತ್ತಿದ್ರಾ? ಜ್ವರ ಬಂದ್ರೂ ನಾನೇ, ವಾಂತಿ ಬಂದ್ರೂ ನಾನೇ. ಗಂಡಸರನ್ನ ನಂಬ್ಕೊಂಡು ಕೆಲಸಕ್ಕೆ ಹೋಗಿ ನೀನು ಒದ್ದಾಡಬೇಡ."

ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ನಾಲ್ಕು ಮಕ್ಕಳನ್ನು ಒಂಟಿಯಾಗಿ ಸಾಕಿದವರ ಮಾತು ಅದು. ಅವರ ಅನುಭವ ಹೇಳಿಕೊಟ್ಟದ್ದನ್ನೇ ಅವರು ಹೇಳುತ್ತಿದ್ದರು.

ಮೂರನೇ ಗುರುವಾರ ಕಂಡಕ್ಟರು ಜೇಬಿನಿಂದ ತುದಿ ಮೊಂಡಾದ ಪುಟ್ಟ ಕತ್ತರಿಯೊಂದನ್ನು ತೆಗೆದು, ತಮ್ಮ ಕಿರುಬೆರಳು ಚಾಚಿದರು. "ಹಾಲು ಕುಡಿದು ಗಾಢ ನಿದ್ದೆಯಲ್ಲಿದ್ದಾಗ. ಬೆರಳ ತುದಿಯ ಮಾಂಸ ಹೀಗೆ ಹಿಂದಕ್ಕೆ ಒತ್ತಿ ಹಿಡ್ಕೋ. ಆಮೇಲೆ ಕತ್ತರಿ."

"ಅದೊಂದು ಬೇಡ ಸಾರ್. ಸ್ನಾನ ಮಾಡಿಸ್ತೀನಿ, ಬಟ್ಟೆ ಬದಲಾಯಿಸ್ತೀನಿ."

"ಅದೊಂದನ್ನ ಬಿಟ್ರೆ ಭಯ ಅಲ್ಲೇ ಮನೆ ಮಾಡ್ಕೊಂಡಿರುತ್ತೆ ಕಣಪ್ಪ."

ಭಾನುವಾರ ಮಧ್ಯಾಹ್ನ. ಮೆಲ್ಲಣ್ಣ ಸಲೂನಿಗೆ ರಜೆ ಹಾಕಿದ್ದ. ಮೂರು ಗಂಟೆಗೆ ಅತ್ತೆಯ ಊರಿನ ಬಸ್ಸು. ಅತ್ತೆಯ ಎರಡು ಚೀಲಗಳು ಕಟ್ಟಿ ಸಿದ್ಧವಾಗಿ ಬಾಗಿಲ ಬಳಿ ನಿಂತಿದ್ದವು. ಮೂರನೆಯದು ಮಗುವಿನ ಬಟ್ಟೆಗಳದು, ಇನ್ನೂ ಬಾಯಿ ತೆರೆದೇ ಇತ್ತು. ಹೆಂಡತಿ ಅದರ ಮುಂದೆ ಕೂತು, "ರೀ, ನೀವೊಂದು ಮಾತು ಹೇಳಿ. ಹೋಗ್ಲಾ, ಇರ್ಲಾ?" ಎಂದಳು.

ಮೆಲ್ಲಣ್ಣ ಮಗುವಿನ ಕಡೆ ನೋಡಿದ. ಮಗು ಚಾಪೆಯ ಮೇಲೆ ಹೊಟ್ಟೆ ತುಂಬಿ ಮಲಗಿತ್ತು. ಕೆನ್ನೆಯ ಮೇಲೆ ಹೊಸ ಗೀರು. ಅವನು ಹೋಗಿ ಕೈ ತೊಳೆದು ಬಂದ. ಹೆಂಡತಿ ನಿಟ್ಟುಸಿರಿಟ್ಟಳು. ಆದರೆ ಅವನು ಈ ಸಲ ಬಾಗಿಲ ಬಳಿ ಹೋಗಲಿಲ್ಲ. ಮಗುವಿನ ಪಕ್ಕ ಮಂಡಿಯೂರಿ ಕೂತು ಮೊಂಡು ಕತ್ತರಿ ಹೊರತೆಗೆದ.

"ಅಯ್ಯೋ, ಮತ್ತೆ ಯಾಕೆ ಅದು!" ಎಂದು ಅತ್ತೆ ಮುಂದೆ ಬಂದರು.

"ಅತ್ತೆ, ಹೋದ ಸಲ ತಪ್ಪು ನನ್ನದೇ. ಮಗು ಎಚ್ಚರವಾಗಿತ್ತು, ಕತ್ತರಿ ಮೀಸೇದು. ಈಗ ಕಲಿತು ಬಂದಿದೀನಿ. ನೀವು ಇಲ್ಲೇ ಕೂತು ನೋಡಿ. ತಪ್ಪಾದ್ರೆ ಹೇಳಿ, ನಿಲ್ಲಿಸ್ತೀನಿ."

ಅತ್ತೆ ಕೂತರು. ಬಾಗಿದ ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ಹೆಬ್ಬೆರಳಿನ ತುದಿ ಒತ್ತಿ ಹಿಡಿದ. ಒಂದು ಉಗುರು. ಬಿಳಿ ಎಳೆಯಂಥದ್ದು ಚಾಪೆಯ ಮೇಲೆ ಬಿತ್ತು. ಎರಡು. ಮೂರು. ನಾಲ್ಕನೆಯದಕ್ಕೆ ಮಗು ಮಿಸುಕಿತು. ಅವನು ಕತ್ತರಿ ದೂರ ಹಿಡಿದು, ಅದು ಮತ್ತೆ ನಿದ್ದೆಗೆ ಜಾರುವವರೆಗೆ ಕಾದ. ಒಂದು ಕೈ ಮುಗಿಸಿ ಇನ್ನೊಂದು ಕೈಗೆ ಬಂದ. ಗಡಿಯಾರದಲ್ಲಿ ಎರಡೂವರೆ ದಾಟಿತ್ತು, ಯಾರೂ ಏಳಲಿಲ್ಲ. ಹತ್ತನೆಯ ಉಗುರು ಬಿದ್ದಾಗ ಮೆಲ್ಲಣ್ಣ ಹಿಂದಕ್ಕೆ ಕೂತು, ಇಷ್ಟು ಹೊತ್ತೂ ಹಿಡಿದಿದ್ದ ಉಸಿರು ಬಿಟ್ಟ. ಕಣ್ಣು ತುಂಬಿತ್ತು.

"ಇರು," ಎಂದ ಹೆಂಡತಿಗೆ. "ಬೆಳಗ್ಗೆ ನಾನು ನೋಡ್ಕೋತೀನಿ."

ಹೆಂಡತಿ ಅಮ್ಮನ ಮುಖ ನೋಡಿದಳು. ಅತ್ತೆ ಮಗುವಿನ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಆಮೇಲೆ ಮೆಲ್ಲಗೆ ಅದರ ಕಾಲುಚೀಲ ಕಳಚಿ, ಎರಡೂ ಪಾದಗಳನ್ನು ಅಳಿಯನ ಕಡೆ ತಿರುಗಿಸಿದರು.

"ಕಾಲಿಂದೂ ಬೆಳೆದಿದೆ ನೋಡಿ," ಎಂದರು. "ನಿಧಾನಕ್ಕೆ ಮಾಡಿ. ನಾನು ಸಂಜೆ ಬಸ್ಸಿಗೆ ಒಬ್ಬಳೇ ಹೋಗ್ತೀನಿ."