ಹನ್ನೊಂದು ಸಾಲು ತೊಗರಿ

ಎರಡು ಲಾರಿಗಳು ಎದುರುಬದುರಾಗಿ ಹಾಯಾಗಿ ಸಾಗಬಹುದಾದ ರಸ್ತೆಯಲ್ಲೂ ಅವನು ನಡೆಯುತ್ತಿದ್ದುದು ಓರೆಯಾಗಿಯೇ. ಬಲಭುಜ ಮುಂದೆ, ಎಡಭುಜ ಹಿಂದೆ, ತೋಳುಗಳೆರಡೂ ಪಕ್ಕೆಗೆ ಅಂಟಿ, ಒಂದು ಹೆಜ್ಜೆಯ ನೇರಕ್ಕೇ ಇನ್ನೊಂದು ಹೆಜ್ಜೆ. ಪಾಪ, ಸೊಂಟ ಹಿಡಿದಿರಬೇಕೆಂದು ಹೊಸಬರು ಮರುಗುತ್ತಿದ್ದರು. ಸೊಂಟಕ್ಕೇನು ಧಾಡಿ? ಜೋಳದ ಸಾಲಿಗೂ ತೊಗರಿಯ ಸಾಲಿಗೂ ನಡುವಿನ ಒಂದೂವರೆ ಅಡಿಯಲ್ಲಿ, ಎಲೆ ಹರಿಯದಂತೆ, ಹೂವು ಉದುರದಂತೆ, ನಲವತ್ತು ವರ್ಷ ಓಡಾಡಿದ ಮೈ ಅದು. ಊರಿನೊಳಕ್ಕೆ ಬಂದರೂ ಅದಕ್ಕೆ ಹೊಲದ ನೆನಪೇ. ಬೇಕರಿಯ ಬಾಗಿಲನ್ನೂ ಹಾಗೆಯೇ ಓರೆಯಾಗಿ ಹೊಕ್ಕು, ಬ್ರೆಡ್ಡು ಕೊಂಡು, ಹಾಗೆಯೇ ಹೊರಬರುತ್ತಿದ್ದ.

ಊರವರು ಇಟ್ಟ ಹೆಸರು ಬೆರಕೆಯಣ್ಣ. ಒಂಟಿ ಬೆಳೆಯೆಂದರೆ ಅವನಿಗೆ ಆಗಿಬರದು. ಎರಡು ಸಾಲು ಜೋಳಕ್ಕೊಂದು ಸಾಲು ತೊಗರಿ, ಅದರ ಮಗ್ಗುಲಲ್ಲಿ ಹೆಸರುಕಾಳು, ಬದುವಿನುದ್ದಕ್ಕೂ ಅಲಸಂದೆ. ಕಿಟಕಿಯ ಕುಂಡದಲ್ಲಿ ಗುಲಾಬಿ ನೆಟ್ಟರೂ ಪಕ್ಕದಲ್ಲೊಂದು ಕಾಳು ಊರದೆ ಕೈ ಸುಮ್ಮನಿರದು. ಯಾಕೋ ಎಂದರೆ, "ಒಂದೇ ಇದ್ರೆ ಅದಕ್ಕೆ ಬೇಜಾರಾಗಲ್ವಾ?" ಎನ್ನುತ್ತಿದ್ದ. ಬೀಜದ ಜಾತಿಗೊಂದರಂತೆ ಏಳು ಜೇಬು ಹೊಲಿಸಿದ ಕಂದು ಕೋಟೊಂದಿತ್ತು, ದರ್ಜಿ ಅಳತೆ ಬರೆದುಕೊಳ್ಳುತ್ತ, "ಇದು ಕೋಟೋ, ಕಪಾಟೋ?" ಎಂದು ಕೇಳಿದ್ದನಂತೆ. ಯಾವ ಪ್ರಶ್ನೆಗೂ ಅವನದೊಂದೇ ಉತ್ತರ: "ಇರಲಿ, ನೋಡೋಣ." ಮನೆಗೆ ಬೆಂಕಿ ಬಿದ್ದಿದೆ ಎಂದರೂ ಹಾಗೆಂದೇ ಏಳುತ್ತಿದ್ದನೋ ಏನೋ!

ಅವನಿಗೊಬ್ಬಳು ಅಕ್ಕ. ಅಂಚೆ ಕಚೇರಿಯ ಹಿಂಬದಿ ಕೋಣೆಯಲ್ಲಿ, ಗೋಡೆಯುದ್ದಕ್ಕೂ ಹಬ್ಬಿದ ಮರದ ಗೂಡುಗಳ ಮುಂದೆ ನಿಂತು, ಮೂವತ್ತಮೂರು ವರ್ಷದಿಂದ ಕಾಗದ ವಿಂಗಡಿಸುತ್ತಿದ್ದವಳು. ಒಂದು ಬೀದಿಯ ಕಾಗದ ಇನ್ನೊಂದು ಬೀದಿಯ ಗೂಡಿಗೆ ಬಿದ್ದರೆ ಆ ದಿನ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಅಂಥವಳು ತಮ್ಮನ ಹೊಲದ ಬದುವಿನಲ್ಲಿ ನಿಂತರೆ ಹೇಗಿರಬೇಡ! ಒಮ್ಮೆ ಹುಡುಕಿಕೊಂಡು ಹೋದಾಗ, ಆಳೆತ್ತರದ ಜೋಳದ ನಡುವೆ, ಎಲೆಗಳ ಸಂದಿನಿಂದ ಸೋಸಿ ಬಂದ ಹಸಿರು ಬೆಳಕಿನಲ್ಲಿ, ಅರೆಗಣ್ಣು ಮುಚ್ಚಿ ಕುಳಿತಿದ್ದ ತಮ್ಮ.

"ಏನೋ ಮಾಡ್ತಿದ್ದೀಯ ಇಲ್ಲಿ?"

"ಕೇಳಿಸ್ಕೋತಿದ್ದೀನಿ ಅಕ್ಕಾ. ಜೋಳ ಒಂದೇ ಸಮ ಮಾತಾಡ್ತಿದೆ. ತೊಗರಿ ಇನ್ನೂ ಬಾಯಿ ಬಿಟ್ಟಿಲ್ಲ."

ತಲೆ ಚಚ್ಚಿಕೊಂಡು ಬರಬೇಕಿತ್ತು. ಆದರೆ ಅವಳೂ ಪಕ್ಕದಲ್ಲಿ ಕುಳಿತು, ಗಾಳಿ ಬಂದಾಗಲೆಲ್ಲ ಮೇಲೆ ಮರಮರ ಎನ್ನುವ ಎಲೆಗಳನ್ನು ನೋಡುತ್ತ, ಹೊತ್ತು ಹೋದದ್ದೇ ತಿಳಿಯದೆ ಬಸ್ಸು ತಪ್ಪಿಸಿಕೊಂಡಳು. ಅದನ್ನು ಯಾರಿಗೂ ಹೇಳಲಿಲ್ಲ.

ಹೊಲ ಅಕ್ಕನ ಹೆಸರಿನಲ್ಲಿತ್ತು. ಅದರಲ್ಲಿ ಜೀವ ತೇಯ್ದವನು ತಮ್ಮ. ಆ ವರ್ಷ ಕೊಯ್ಲು ಯಂತ್ರದವನೊಬ್ಬ ಹೊಲವನ್ನು ಗುತ್ತಿಗೆಗೆ ಕೇಳಿದ. ಆದರೆ ಬೆರಕೆ ನಡೆಯದು, ಈ ತುದಿಯಿಂದ ಆ ತುದಿಗೆ ಒಂದೇ ಬೆಳೆಯಿರಬೇಕು. ಅಕ್ಕನಿಗೆ ಮಾತು ಹಿತವೆನಿಸಿತು. ತಮ್ಮನನ್ನು ಕರೆದು, "ನೋಡು, ಇದೊಂದು ವರ್ಷ. ಆ ನಿನ್ನ ತೊಗರಿ ಕಣ್ಣಿಗೆ ಕಾಣೋ ಹಾಗೆ ಬಂದ್ರೆ ಸರಿ, ಇಲ್ಲಾಂದ್ರೆ ಕೊಟ್ಟುಬಿಡ್ತೀನಿ" ಎಂದಳು. "ಇರಲಿ, ನೋಡೋಣ" ಎಂದನೇನೋ ಹೌದು, ಆದರೆ ಹೆದರಿದ್ದ. ಹೊಲ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕೆಂಬುದೇ ಅವನಿಗೆ ಗೊತ್ತಿರಲಿಲ್ಲ.

ತೊಗರಿಯ ಸ್ವಭಾವವೇ ಅಂಥದ್ದು. ಮೊದಲ ಮೂರು ತಿಂಗಳು ಜೋಳದ ನೆರಳಿನಲ್ಲಿ ಸಣಕಲು ಕಡ್ಡಿಯಾಗಿ ತಲೆತಗ್ಗಿಸಿ ನಿಂತಿರುತ್ತದೆ. ಬೇರು ಮಾತ್ರ ಕೆಳಗೆ ತನ್ನ ಪಾಡಿಗೆ ಇಳಿಯುತ್ತಿರುತ್ತದೆ. ಜೋಳ ಎದ್ದು ಹೋಗಿ ಬಿಸಿಲು ಬಿದ್ದ ಮೇಲೆಯೇ ಅದು ಕೈಕಾಲು ಚಾಚುವುದು. ತಾಳಿದವನು ಬಾಳಿಯಾನು ಎನ್ನುತ್ತಾರಲ್ಲ, ಹಾಗೆ. ಅದಕ್ಕೇ ಅವನು ಜೋಳವನ್ನು ಬೇರೆಯವರ ಕೈಗೆ ಕೊಡದೆ, ತೊಗರಿಗೆ ಕುಡುಗೋಲು ತಾಗದಂತೆ ತಾನೇ ಕೊಯ್ಯುತ್ತಿದ್ದ.

ಸರಿಯಾಗಿ ಜೋಳ ಬಲಿತ ವಾರದಲ್ಲೇ ಜ್ವರ ಹಿಡಿಯಬೇಕೆ! ಹಾಸಿಗೆಯಲ್ಲಿ ಬಿದ್ದ ತಮ್ಮನನ್ನು ಕಂಡು ಅಕ್ಕ ಮರುಗಿದಳು. ಅವನಿಗೊಂದು ಮಾತೂ ಹೇಳದೆ, ರಜೆ ಹಾಕಿ, ಮೂವರು ಆಳುಗಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ ಸೆರಗು ಕಟ್ಟಿ ನಿಂತಳು. "ನೀಟಾಗಿ ಬರಬೇಕು, ಒಂದು ಕಡ್ಡಿ ಉಳೀಬಾರದು." ಆಳುಗಳಲ್ಲೊಬ್ಬ ಸಣಕಲು ಗಿಡವೊಂದನ್ನು ಹಿಡಿದು, "ಇದೂನಾ ಅಮ್ಮಾ?" ಎಂದು ಕೇಳಿದ. ಪುಣ್ಯಾತ್ಮ, ಕೇಳಿದ ಪಾಪ! "ಎಲ್ಲಾ" ಎಂದುಬಿಟ್ಟಳು ಅಕ್ಕ.

ಸುದ್ದಿ ಹೇಗೆ ಮುಟ್ಟಿತೋ, ಮಧ್ಯಾಹ್ನದ ಹೊತ್ತಿಗೆ ಅವನು ಕಂಬಳಿ ಹೊದ್ದು ಬಂದ. ಕೊಯ್ದು ಬಯಲಾದ ನೆಲದಲ್ಲಿ, ಸಾಲೇ ಇಲ್ಲದ ಕಡೆಯೂ ಓರೆಯಾಗಿ, ಯಾವುದಕ್ಕೋ ತಾಗಬಾರದೆಂಬಂತೆ ಮೆಲ್ಲಗೆ ನಡೆದುಬಂದ. ಮಂಡಿಯೂರಿ ಒಂದೊಂದೇ ಬುಡವನ್ನು ಹೆಬ್ಬೆರಳಿನಿಂದ ಸವರಿದ. "ಹನ್ನೊಂದು ಸಾಲು" ಎಂದ. ಆಗ ಅಕ್ಕನಿಗೆ ತಾನು ಕೊಯ್ಸಿದ್ದು ಏನೆಂದು ಅರ್ಥವಾಯಿತು.

"ಲೋ, ನನಗೆ ಗೊತ್ತಾಗಲಿಲ್ಲ ಕಣೋ, ಕಳೆ ಅಂತ ತಿಳಿದೆ. ಬೇಕೂಂತ ಮಾಡಿದೆ ಅಂದ್ಕೊಂಡ್ಯಾ? ಹೊಲ ಕೊಡೋಕೇ ಹೀಗೆ ಮಾಡಿದ್ಲು ಅಂತ..."

"ನೀಟಾಗಿ ಕೊಯ್ಸಿದ್ದೀಯ ಅಕ್ಕಾ," ಎಂದ ಅವನು, ವ್ಯಂಗ್ಯದ ಎಳೆಯೂ ಇಲ್ಲದೆ. "ಗೇಣುದ್ದ ಬುಡ ಬಿಟ್ಟಿದ್ದಾರೆ. ಇರಲಿ, ನೋಡೋಣ." ಏಳಲು ಹೋದರೆ ಆಗಲಿಲ್ಲ. ಅಕ್ಕ ಅವನ ಕಂಕುಳಿಗೆ ಕೈಕೊಟ್ಟು ಎಬ್ಬಿಸುತ್ತ ಗೊಳೋ ಎಂದು ಅತ್ತಳು.

ಅವನು ಬೈದಿದ್ದರೆ ಅವಳು ಸಂಜೆಯೊಳಗೆ ತಿರುಗಿ ಬೈದು ಹಗುರವಾಗುತ್ತಿದ್ದಳು. ಬೈಯಲಿಲ್ಲವಲ್ಲ, ಅದಕ್ಕೇ ಪ್ರತಿ ಭಾನುವಾರ ಹೊಲಕ್ಕೆ ಬರತೊಡಗಿದಳು. ಆಳುಗಳು ಮುಟ್ಟದೆ ಉಳಿದ ಸಾಲುಗಳ ಜೋಳವನ್ನು ಜ್ವರ ಬಿಟ್ಟ ಮೇಲೆ ಅವನೇ ಕೊಯ್ದ. ಕೊಯ್ದ ತೊಗರಿಯ ಬುಡಗಳಲ್ಲಿ ಅರ್ಧ ಕಪ್ಪಾಗಿ ಸತ್ತವು. ಉಳಿದರ್ಧ ಒಂದಕ್ಕೆ ನಾಲ್ಕಾಗಿ ಚಿಗುರಿದವು. ಸತ್ತ ಜಾಗಗಳಲ್ಲಿ ಅವನು ಹುರುಳಿ ಚೆಲ್ಲಿದ. ಮಂಜಿನ ತಿಂಗಳು ಬಂತು. ಉಳಿದ ಸಾಲುಗಳ ತೊಗರಿ ಕೊಂಬೆಗೆ ಕೊಂಬೆ ಕೂಡಿ, ಹೊಲವೆಲ್ಲ ಹಳದಿ ಹೂವಾಗಿ, ಜೇನುನೊಣಗಳ ಗುಂಯ್‌ಗುಡುವಿಕೆಯಲ್ಲಿ ನಿದ್ದೆ ಎಳೆಯುವಂತಿತ್ತು. ಅಂಥದೊಂದು ಬೆಳಿಗ್ಗೆ ಯಂತ್ರದವನು ಬದುವಿಗೆ ಬಂದು ಕೂಗಿದ: "ಹೊಲ ಖಾಲಿಯಾಯ್ತಾ ಅಮ್ಮಾ?"

ಅಕ್ಕ ಹೂವಿನ ಸಾಲುಗಳನ್ನು ನೋಡಲಿಲ್ಲ. ತಾನು ಕೊಯ್ಸಿದ ಜಾಗದಲ್ಲಿ ನೆಲಕ್ಕಂಟಿ ಹಬ್ಬುತ್ತಿದ್ದ ಹುರುಳಿಯನ್ನು ನೋಡಿದಳು.

"ಇಲ್ಲಪ್ಪಾ," ಎಂದಳು, "ಖಾಲಿಯಾಗಲ್ಲ."

ಇಂಥವರ ಜೊತೆ ಬಾಳುವುದು ಸುಲಭವೆಂದು ತಿಳಿಯಬೇಡಿ. ಅವರ ಸಾವಧಾನ ನಮ್ಮ ಆತುರವನ್ನು ರೇಗಿಸುತ್ತದೆ, ಅವರ ಮೌನ ನಮ್ಮ ಅಚ್ಚುಕಟ್ಟುತನವನ್ನು ಅಣಕಿಸಿದಂತೆ ಕಾಣುತ್ತದೆ. ಲೋಕದಲ್ಲಿ ತಪ್ಪನ್ನು ಎತ್ತಿ ಆಡುವವರು ಹೇರಳ, ದೊಡ್ಡ ಮನಸ್ಸು ಮಾಡಿ ಕ್ಷಮಿಸುವವರೂ ಇದ್ದಾರೆ. ಇವರು ಎರಡನ್ನೂ ಮಾಡುವುದಿಲ್ಲ. ನಾವು ಹಾಳುಮಾಡಿದ ಜಾಗಕ್ಕೆ ಬಂದು, ಮಂಡಿಯೂರಿ, ಅಲ್ಲಿ ಇನ್ನೇನನ್ನೋ ಬಿತ್ತಿ ಎದ್ದುಹೋಗುತ್ತಾರೆ.