ಸಾವಿರ ಕುರ್ಚಿಗಳ ಗೋಡೌನು

"ಏಯ್, ತಿಕ ಎತ್ತೇ ಮೇಲಕ್ಕೆ. ಅದು ಮದುವೆ ಮನೆಗೆ ಹೋಗೋ ಚೇರು."

ಸುಧಾಮಣಿ ಎದ್ದಳು. ಕೂತ ಜಾಗ ಇನ್ನೂ ಬೆಚ್ಚಗಾಗಿರಲಿಲ್ಲ. ಶಿವರಾಮ್ ಆ ಪ್ಲಾಸ್ಟಿಕ್ ಕುರ್ಚಿಯನ್ನು ಪಟಪಟನೆ ಬಡಿದು, ಮೂಸಿ ನೋಡುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿ, ಮತ್ತೆ ಕುರ್ಚಿಗಳ ರಾಶಿಗೆ ಸೇರಿಸಿದ.

ಜರಗನಹಳ್ಳಿಯಲ್ಲಿ ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಈಗ ಅವನ ಟೆಂಟ್ ಹೌಸಿನ ಗೋಡೌನು. ನೆಲದಿಂದ ಶೀಟಿನವರೆಗೂ ಕುರ್ಚಿ. ಕೆಂಪು, ಬಿಳಿ, ಕೈ ಇರುವವು, ಕೈ ಮುರಿದವು. ಇಡೀ ಬನಶಂಕರಿಯನ್ನು ಕರೆತಂದು ಕೂರಿಸಿದರೂ ಮಿಗುವಷ್ಟು. ಸುಧಾಮಣಿಗೆ ಮಾತ್ರ ಕೂರಲು ಒಂದಿಲ್ಲ.

ಅವಳು ತಿಲಕ್ ನಗರದವಳು. ಜಯನಗರದ ಜೆರಾಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ನಿಂತು ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಅಂಗಡಿ ಮುಚ್ಚಿದ ಮೇಲೆ ಸಿಕ್ಕಿದ್ದು ಈ ಕೆಲಸ: ಟೆಂಟ್ ಹೌಸಿನ ಹಳೇ ಬುಕಿಂಗ್ ರಿಜಿಸ್ಟರುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವುದು. ದೊಡ್ಡ ಈವೆಂಟ್ ಕಂಪನಿಯೊಂದು ಶಿವರಾಮನ ಜೊತೆ ಪಾಲುದಾರಿಕೆಗೆ ಬರುವುದಿತ್ತು. ಹಳೇ ಗಿರಾಕಿಗಳ ದಾಖಲೆ ಕಂಪ್ಯೂಟರಿನಲ್ಲಿದ್ದರೆ ಮಾತ್ರ ಮಾತು ಎಂದಿದ್ದರು. ಕೂತು ಮಾಡುವ ಕೆಲಸ ಆಂಟಿ ಎಂದು ಶಿವರಾಮನ ಮಗಳು ಹೇಮಶ್ರೀ ಫೋನಿನಲ್ಲಿ ಹೇಳಿದ್ದಕ್ಕೇ ಸುಧಾಮಣಿ ಒಪ್ಪಿದ್ದಳು. ಆದರೆ ಬಂದ ದಿನ ಅವಳ ಮೊಬೈಲ್ ಕವರಿನ ಮೇಲೆ ಬಾಬಾಸಾಹೇಬರ ಚಿತ್ರ ಕಂಡಿದ್ದೇ ಶಿವರಾಮನಿಗೆ ತನ್ನ ಕುರ್ಚಿಗಳ ಮೇಲೆ ಎಲ್ಲಿಲ್ಲದ ಮಮತೆ ಉಕ್ಕಿಬಿಟ್ಟಿತು.

"ನಮ್ ಚೇರಲ್ಲಿ ಐನೋರು ಕೂತ್ಕತಾರೆ, ಎಮ್ಮೆಲ್ಲೆ ಕೂತ್ಕತಾನೆ. ನಿಮ್ಮೋರು ಕೂತಿದ್ ಚೇರು ಅಂತ ಗೊತ್ತಾದ್ರೆ ಯಾವ ನನ್ಮಗ ಆರ್ಡರ್ ಕೊಡ್ತಾನೆ?"

"ಯಾರ್ ತಿಕ ಯಾವ್ದು ಅಂತ ಚೇರಿಗೇನ್ ಗೊತ್ತಾಯ್ತದೆ ಸಾರ್?"

ಗಿರಾಕಿಗೆ ಗೊತ್ತಾಗುತ್ತದೆ ಎಂದು ಶಿವರಾಮ್ ಖಂಡಿತವಾಗಿ ಹೇಳಿದ. ಹೇಗೆ ಎಂದು ಹೇಳಲಿಲ್ಲ.

ರಿಜಿಸ್ಟರುಗಳ ಕಥೆ ಇನ್ನೂ ಚೆಂದ. ಒಂದೊಂದೂ ಆಯುಧಪೂಜೆಯಲ್ಲಿ ಅರಿಶಿನ ಕುಂಕುಮ ಕಂಡವು. ಅವನ್ನೂ ಸುಧಾಮಣಿ ಮುಟ್ಟಕೂಡದು. ಮುಟ್ಟದೆ ಸ್ಕ್ಯಾನ್ ಮಾಡುವ ವಿದ್ಯೆಯನ್ನು ಶಿವರಾಮನೇ ಕಂಡುಹಿಡಿದ. ಸ್ಕ್ಯಾನರು ಕೊಕ್ಕರೆಯಂತೆ ಕತ್ತು ಬಗ್ಗಿಸಿ ಮೇಲಿಂದ ಫೋಟೋ ಹೊಡೆಯುವಂಥದ್ದು. ಅದರ ಕೆಳಗೆ ಅವನ ತಾಯಿ ಗೌರಮ್ಮ ಕೂತು ಪುಟ ತಿರುವಿ ಹಿಡಿಯಬೇಕು, ಸುಧಾಮಣಿ ನಿಂತು ಗುಂಡಿ ಒತ್ತಬೇಕು, ಬಾಯಿ ಬಿಡಬಾರದು.

ಗೌರಮ್ಮ ಪುಟವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು "ಹೂಂ, ಒತ್ತು" ಅನ್ನುತ್ತಿದ್ದಳು. ಊಟವಾದ ಮೇಲೆ ತೂಕಡಿಸುತ್ತಿದ್ದಳು. ನಿದ್ದೆಗಣ್ಣಲ್ಲೂ ಕೈ ತನ್ನ ಪಾಡಿಗೆ ಪುಟ ತಿರುವುತ್ತಿತ್ತು, ಬಾಯಿ "ಹೂಂ, ಒತ್ತು" ಅನ್ನುತ್ತಿತ್ತು. ಸುಧಾಮಣಿ ಬಾಯಿ ಬಿಡದೆ ಒತ್ತಿದಳು.

ಕಂಪನಿಯವರು ಬರುವ ಹಿಂದಿನ ದಿನ ಹೇಮಶ್ರೀ ಬಂದು ಕಂಪ್ಯೂಟರ್ ತೆರೆದಳು. ಪ್ರತಿ ಪುಟದಲ್ಲೂ ಗಿರಾಕಿಯ ಹೆಸರಿನ ಮೇಲೆ ಸರಿಯಾಗಿ ಒಂದು ಹೆಬ್ಬೆರಳು. ಮುಂದೆ ಹೋದಂತೆ ಬಳೆ, ತುರುಬು. ಆಮೇಲಿನ ರಿಜಿಸ್ಟರಿನಲ್ಲಿ ಪುಟಕ್ಕೆ ಕೆನ್ನೆಯಾನಿಸಿ ಜೊಲ್ಲು ಸುರಿಸುತ್ತಿರುವ ಗೌರಮ್ಮನ ಮುಖವೇ.

"ಅಪ್ಪಾ, ಇದು ಕಸ್ಟಮರ್ ಡೇಟಾನಾ, ಅಜ್ಜಿ ಆಲ್ಬಮ್ಮಾ?"

ಶಿವರಾಮ್ ಸುಧಾಮಣಿಯ ವಂಶವನ್ನೆಲ್ಲ ಜಾಲಾಡಿದ. ಉಗುಳು ಬತ್ತಿದ ಮೇಲೆ ಯೋಚಿಸಿದ. ನಾಳೆ ಬೆಳಿಗ್ಗೆಯೊಳಗೆ ಎಲ್ಲವನ್ನೂ ಮತ್ತೆ ಮಾಡಬೇಕು, ಇವಳನ್ನು ಬಿಟ್ಟರೆ ಗತಿಯಿಲ್ಲ. ಕೊನೆಗೆ ಅಪ್ಪಣೆ ಕೊಟ್ಟ.

"ಆಯ್ತು, ನೀನೇ ಮುಟ್ಟು. ಆಮೇಲೆ ಐನೋರ್ನ ಕರೆಸಿ ನೀರ್ ಹಾಕಿಸ್ಕತೀನಿ."

"ಚೇರು?"

"ಚೇರ್ ಸುದ್ದಿ ಎತ್ಬೇಡ. ಪರ್ಮಿಶನ್ ಬುಕ್ಕಿಗೆ ಮಾತ್ರ."

ಸುಧಾಮಣಿ ದಪ್ಪ ರಟ್ಟಿನ ರಿಜಿಸ್ಟರುಗಳನ್ನು ನೋಡಿದಳು. ಚಿಕ್ಕವಳಿದ್ದಾಗ ಶಾಲೆಯ ಪುಸ್ತಕಕ್ಕೆ ಕಾಲು ತಾಗಿದರೆ ಅವಳಪ್ಪ ಕಣ್ಣಿಗೊತ್ತಿಕೋ ಎನ್ನುತ್ತಿದ್ದ. ಅದು ಓದುವ ಪುಸ್ತಕ. ಇದು ಯಾರು ಯಾರು ಕೂರಲು ಕುರ್ಚಿ ಒಯ್ದರು ಎಂದು ಬರೆದಿಟ್ಟ ಪುಸ್ತಕ. ಒಂದನ್ನು ತೆರೆದು ಸ್ಕ್ಯಾನರಿನ ಕೆಳಗಿಟ್ಟು, ಮಿಕ್ಕವನ್ನು ಒಂದರ ಮೇಲೊಂದು ಜೋಡಿಸಿದಳು. ಮೊಣಕಾಲೆತ್ತರ ಬಂತು. ಸೀರೆ ಸರಿಮಾಡಿಕೊಂಡು ಅದರ ಮೇಲೆ ಕೂತುಬಿಟ್ಟಳು.

ಶಿವರಾಮನ ಬಾಯಿಂದ ಮೊದಲು ಗಾಳಿ ಬಂತು, ಆಮೇಲೆ ಮಾತು.

"ಏಳೇ ಬೇವರ್ಸಿ. ಲಕ್ಷ್ಮಿ ಕಣೇ ಅದು."

"ಮುಟ್ಟು ಅಂದ್ರಲ್ಲ ಸಾರ್. ಮುಟ್ಟಿದೀನಿ."

ಎಳೆದು ಎಬ್ಬಿಸೋಣವೆಂದರೆ ಅವಳನ್ನು ಮುಟ್ಟಬೇಕು. ಅವನು ಬಲಗಡೆಯಿಂದ ಒಂದು ಸುತ್ತು, ಎಡಗಡೆಯಿಂದ ಒಂದು ಸುತ್ತು ಬಂದ. ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗಿತ್ತು. ಸುಧಾಮಣಿ ಆಗಲೇ ಗುಂಡಿ ಒತ್ತತೊಡಗಿದ್ದಳು. ಒಂದೊಂದು ಪುಟವೂ ಗಾಜಿನಂತೆ ಸ್ಪಷ್ಟವಾಗಿ ಬರುತ್ತಿತ್ತು. ಕೆಲಸ ನಿಲ್ಲಿಸಬೇಡಪ್ಪ, ಒಂದು ಚೇರು ಕೊಟ್ಟು ಸಾಯಿ ಎಂದಳು ಹೇಮಶ್ರೀ.

ಶಿವರಾಮ್ ಹಲ್ಲು ಕಚ್ಚಿಕೊಂಡು ರಾಶಿಯಿಂದ ಒಂದು ಬಿಳಿ ಕುರ್ಚಿ ಎಳೆದ. ತಾನೇ ಧೂಳು ಒರೆಸಿದ. ತಂದು ಅವಳ ಮುಂದಿಟ್ಟ.

"ಏಳು ತಾಯಿ. ಇದ್ರಲ್ಲಿ ಕೂತ್ಕ."

ಸುಧಾಮಣಿ ಕುರ್ಚಿಯನ್ನು ಮೇಲಿನಿಂದ ಕೆಳಗೆ ನೋಡಿದಳು.

"ಇರ್ಲಿ ಬಿಡಿ ಸಾರ್. ಇದೇ ಮೆತ್ತಗದೆ."

ಚಪ್ಪಲಿ ಬಿಟ್ಟು, ನರ ಉಬ್ಬಿದ ಎರಡು ಕಾಲನ್ನೂ ಎತ್ತಿ ಆ ಕುರ್ಚಿಯ ಮೇಲಿಟ್ಟು, ಗುಂಡಿ ಒತ್ತಿದಳು.