ಸಿಂಚನ ಕೊನೆಯ ಸುತ್ತಿನಲ್ಲಿ ಕುಸಿದದ್ದೇಕೆ?

ಜಡಿಗೇನಹಳ್ಳಿಯ ವರಲಕ್ಷ್ಮಮ್ಮ ಪಕ್ಕದ ಮನೆಯ ಲಕ್ಷ್ಮೀದೇವಮ್ಮನ ಜೊತೆ ಮಾತು ಬಿಟ್ಟು ಒಂದು ವಾರವಾಗಿತ್ತು. ಕಾರಣ, ಒಂದು ಲೋಟ ಮಜ್ಜಿಗೆ.

ವರಲಕ್ಷ್ಮಮ್ಮನ ಮಗಳು ಸಿಂಚನ ಎರಡನೇ ಪಿಯುಸಿ ಓದುತ್ತಿದ್ದಳು. ಲಕ್ಷ್ಮೀದೇವಮ್ಮನ ಮಗಳು ನವ್ಯಶ್ರೀ ಅವಳ ಗೆಳತಿ. ಇಬ್ಬರೂ ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ಓಡುತ್ತಿದ್ದರು. ತಾಲ್ಲೂಕು ಕ್ರೀಡಾಕೂಟದ ಸಾವಿರದ ಐನೂರು ಮೀಟರ್ ಓಟದಲ್ಲಿ ಸಿಂಚನಳೇ ಗೆಲ್ಲುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಕೊನೆಯ ಸುತ್ತಿನಲ್ಲಿ ಅವಳಿಗೆ ಕಣ್ಣು ಕತ್ತಲೆ ಬಂತು. ಟ್ರ್ಯಾಕಿನ ಮೇಲೇ ಕುಸಿದು ಕೂತಳು. ಗೆದ್ದವಳು ನವ್ಯಶ್ರೀ.

ಅವತ್ತು ಬೆಳಿಗ್ಗೆ ಬಸ್ ಹತ್ತುವ ಮೊದಲು ಲಕ್ಷ್ಮೀದೇವಮ್ಮ ಇಬ್ಬರಿಗೂ ಮಜ್ಜಿಗೆ ಕೊಟ್ಟಿದ್ದರು.

“ಒಂದೇ ಪಾತ್ರೆಯಿಂದ ಬಗ್ಗಿಸಿದ್ಲಾ? ನಿನ್ನ ಲೋಟ ಮೊದಲೇ ತುಂಬಿಸಿಟ್ಟಿದ್ಲಾ?” ವರಲಕ್ಷ್ಮಮ್ಮ ಮಗಳನ್ನು ಮತ್ತೆ ಮತ್ತೆ ಕೇಳಿದರು.

“ನಾನು ನೋಡ್ಲಿಲ್ಲಮ್ಮ. ಅವ್ರ್ಯಾಕೆ ಹಂಗೆಲ್ಲ ಮಾಡ್ತಾರೆ?”

“ಅವಳ ಮಗಳು ಗೆಲ್ಬೇಕಲ್ಲ, ಅದಕ್ಕೆ! ಇನ್ಮೇಲೆ ಅವಳ ಸಹವಾಸಾನೂ ಬೇಡ, ಓಟಾನೂ ಬೇಡ.”

ಕೇಳಿ ಕೇಳಿ ಸಿಂಚನಳಿಗೂ ಅನುಮಾನ ಹತ್ತಿತು. ನವ್ಯಶ್ರೀ ಫೋನ್ ಮಾಡಿದರೆ ಎತ್ತಲಿಲ್ಲ.

ಒಂದು ಮಧ್ಯಾಹ್ನ ಆಶಾ ಕಾರ್ಯಕರ್ತೆ ಶಿಲ್ಪ ಬಂದಾಗ ಸಿಂಚನ ಬಾಗಿಲಲ್ಲಿ ಕೂತು ಹಸಿ ಅಕ್ಕಿ ಜಗಿಯುತ್ತಿದ್ದಳು.

“ಎಷ್ಟು ದಿನದಿಂದ ತಿಂತಿದೀಯಮ್ಮ ಇದನ್ನ?”

“ನಾಲ್ಕೈದು ತಿಂಗಳಾಯ್ತಕ್ಕ. ತಿನ್ನಬೇಕು ಅನ್ಸುತ್ತೆ.”

“ಮೆಟ್ಟಿಲು ಹತ್ತಿದ್ರೆ ಏದುಸಿರು ಬರುತ್ತಾ? ಮುಟ್ಟಾದಾಗ ಜಾಸ್ತಿ ಹೋಗುತ್ತಾ?”

ಎರಡಕ್ಕೂ ಸಿಂಚನ ಹೌದೆಂದಳು. ಶಿಲ್ಪ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದ ಜಾಗ ಬಿಳಿಚಿಕೊಂಡಿತ್ತು.

“ನಾಳೆ ಆಸ್ಪತ್ರೆಗೆ ಬಾ. ರಕ್ತ ಪರೀಕ್ಷೆ ಮಾಡಿಸೋಣ.”

ವರಲಕ್ಷ್ಮಮ್ಮ ಒಳಗಿನಿಂದ ಬಂದರು. “ನಿನ್ನನ್ನ ಯಾರು ಕಳ್ಸಿದ್ದು? ಪಕ್ಕದ್ಮನೆಯವಳಾ?”

“ಹೂಂ ಅಕ್ಕ, ಅವ್ರೇ. ಹುಡುಗಿ ಬಿಳಿಚ್ಕೊಂಡವಳೆ, ಒಂದ್ಸಲ ನೋಡು ಅಂದ್ರು.”

“ನೋಡಿದ್ಯಾ! ತಾನು ಮಾಡಿದ್ದನ್ನ ಮುಚ್ಚಾಕೋಕೆ ನಿನ್ನನ್ನ ಕಳ್ಸವಳೆ.”

ಶಿಲ್ಪ ಜಗಳಕ್ಕೆ ಇಳಿಯಲಿಲ್ಲ. “ಅನುಮಾನ ಇದ್ರೆ ಇರ್ಲಿ ಅಕ್ಕ. ನೀವೂ ಬನ್ನಿ. ಎದುರಿಗೇ ಕೂತು ನೋಡಿ.”

ಮರುದಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಂಚನಳ ಬೆರಳಿನಿಂದ ಒಂದು ಹನಿ ರಕ್ತ ತೆಗೆದರು. ಹಿಮೋಗ್ಲೋಬಿನ್ ಎಂಟೂವರೆ.

“ಹನ್ನೆರಡಾದ್ರೂ ಇರ್ಬೇಕಿತ್ತು,” ಎಂದರು ಡಾಕ್ಟರಮ್ಮ. “ಇದು ರಕ್ತಹೀನತೆ. ಓಡುವಾಗ ಮೈಗೆ ಬೇಕಾದಷ್ಟು ಆಮ್ಲಜನಕ ಸಿಗಲ್ಲ. ಕಾಲು ಸೋಲುತ್ತೆ.”

ವರಲಕ್ಷ್ಮಮ್ಮ ನಂಬಲಿಲ್ಲ. “ನಿಮ್ಮ ಮಿಷಿನ್ನೇ ಕೆಟ್ಟಿರ್ಬೇಕು. ಎಲ್ಲಿ, ನನ್ನದೂ ನೋಡಿ. ನಾನು ಗಟ್ಟಿಮುಟ್ಟಾಗಿದೀನಿ.”

ಅವರದೂ ನೋಡಿದರು. ಒಂಬತ್ತು.

ವರಲಕ್ಷ್ಮಮ್ಮನಿಗೆ ಹುಲ್ಲಿನ ಹೊರೆ ಎತ್ತುವಾಗ ಬರುತ್ತಿದ್ದ ತಲೆಸುತ್ತು ನೆನಪಾಯಿತು. ಮೆಲ್ಲಗೆ ಅಂದರು, “ಶಿಲ್ಪ, ನಾನು ಅವರ ಮನೆ ಮಜ್ಜಿಗೆ ಕುಡಿದೇ ಇಲ್ವಲ್ಲ.”

ಅವತ್ತು ಸಂಜೆ ಅವರು ಪಕ್ಕದ ಮನೆಗೆ ಹೋದರು. “ತಪ್ಪು ತಿಳ್ಕೊಂಡ್ಬಿಟ್ಟೆ ಕಣಕ್ಕ.”

ಲಕ್ಷ್ಮೀದೇವಮ್ಮನ ಕಣ್ಣು ತುಂಬಿತು. “ನಾನು ಎತ್ತಿ ಆಡಿಸಿದ ಮಗು ಅದು. ನನ್ನನ್ನೇ ಒಂದು ಮಾತು ಕೇಳ್ಬಾರದಿತ್ತಾ?” ಎರಡು ಮನೆಗಳ ಬಳಕೆ ಮೊದಲಿನಂತಾಗಲು ಇನ್ನೂ ಕೆಲವು ದಿನ ಹಿಡಿಯಿತು. ಸಿಂಚನ ತಾನಾಗಿ ನವ್ಯಶ್ರೀಗೆ ಫೋನ್ ಮಾಡಿದಳು, ಇಬ್ಬರೂ ಮತ್ತೆ ಕೆರೆ ಏರಿಗೆ ಹೊರಟರು.

ತಾಯಿ ಮಗಳಿಬ್ಬರೂ ಕಬ್ಬಿಣಾಂಶದ ಮಾತ್ರೆ ಶುರುಮಾಡಿದರು. ಮೂರನೇ ದಿನ ವರಲಕ್ಷ್ಮಮ್ಮ ಗಾಬರಿಯಿಂದ ಶಿಲ್ಪಳ ಮನೆಗೆ ಬಂದರು. “ಹೊರಗೆ ಹೋದ್ರೆ ಕಪ್ಪಗೆ ಬರ್ತಿದೆ! ಏನು ಮಾತ್ರೆ ಇದು?”

“ಅದು ಕಬ್ಬಿಣದ್ದೇ ಬಣ್ಣ ಅಕ್ಕ, ಹೆದರ್ಬೇಡಿ. ಊಟ ಆದ್ಮೇಲೆ ನಿಂಬೆಹಣ್ಣಿನ ನೀರಲ್ಲಿ ನುಂಗಿ. ಹಿಂದೆ ಮುಂದೆ ಟೀ, ಕಾಫಿ ಬೇಡ. ಡಾಕ್ಟರ್ ಹೇಳೋವರೆಗೂ ನಿಲ್ಲಿಸ್ಬೇಡಿ.”

ಮೊದಲ ತಿಂಗಳು ಡಾಕ್ಟರಮ್ಮ ಸಿಂಚನಳನ್ನು ಓಡಲು ಬಿಡಲಿಲ್ಲ, ಬರೀ ನಡಿಗೆ. ನವ್ಯಶ್ರೀ ಏರಿಯ ಕೊನೆ ಮುಟ್ಟಿ ಬರುವಾಗ ಸಿಂಚನ ಇನ್ನೂ ಅರ್ಧ ದಾರಿಯಲ್ಲಿರುತ್ತಿದ್ದಳು. ಅಳು ಬರುತ್ತಿತ್ತು.

“ನನ್ನನ್ನ ನೋಡ್ಬೇಡ ಕಣೇ. ನಿನ್ನ ಉಸಿರಿನ ಕಡೆ ಗಮನ ಇಡು,” ಎನ್ನುತ್ತಿದ್ದಳು ನವ್ಯಶ್ರೀ.

ಎರಡನೇ ತಿಂಗಳು ನಿಧಾನ ಓಟ. ಮೂರನೇ ತಿಂಗಳ ಕೊನೆಗೆ ಸಿಂಚನಳ ಹಿಮೋಗ್ಲೋಬಿನ್ ಹನ್ನೆರಡು ದಾಟಿತು. ಅಕ್ಕಿಯ ಆಸೆ ತಾನಾಗಿ ಹೋಗಿತ್ತು.

ಆಮೇಲೆ ದೇವನಹಳ್ಳಿಯಲ್ಲಿ ಮತ್ತೊಂದು ಸಾವಿರದ ಐನೂರು ಮೀಟರ್ ಓಟ. ಕೊನೆಯ ಸುತ್ತಿನ ಗಂಟೆ ಬಾರಿಸಿದಾಗ, ಈ ಕಾಲು ಮತ್ತೆ ಕೈಕೊಡುತ್ತದೋ ಏನೋ ಎಂದು ಅವಳಿಗೆ ತನ್ನ ಮೈಮೇಲೇ ಅನುಮಾನ. ಆದರೂ ಉಸಿರಿನ ಕಡೆ ಗಮನ ಇಟ್ಟು ಓಡಿದಳು. ಇಬ್ಬರನ್ನು ಹಿಂದೆ ಹಾಕಿ ಮೂರನೆಯವಳಾಗಿ ಗುರಿ ಮುಟ್ಟಿದಳು.

ಅಕ್ಕಂದಿರೇ, ಅಮ್ಮಂದಿರೇ, ನಿಮ್ಮ ಮನೆಯ ಹುಡುಗಿಗೆ ಸುಸ್ತು, ಏದುಸಿರು, ತಲೆಸುತ್ತು ಇದೆಯೇ? ಅಕ್ಕಿ, ಮಣ್ಣು ತಿನ್ನುವ ಆಸೆಯೇ? ದೃಷ್ಟಿ ತೆಗೆದು ಸುಮ್ಮನಾಗಬೇಡಿ, ಯಾರನ್ನೂ ದೂರಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಅವಳನ್ನು ಕರೆದುಕೊಂಡು ಹೋದಾಗ ನಿಮ್ಮ ಬೆರಳನ್ನೂ ಚಾಚಿ.